ಹಾಡು ಎಲ್ಲರದು, ಹೆಸರು ಯಾರದು?

ಸಿನಿಮಾ ಹಾಡನ್ನು ಹಾಡಿದವರ ಹೆಸರು ನಮಗೆ ಗೊತ್ತಿರುತ್ತದೆ. ತೆರೆಯ ಮೇಲೆ ತುಟಿ ಆಡಿಸಿದವರ ಹೆಸರಂತೂ ಮಕ್ಕಳಿಗೂ ಗೊತ್ತು. ಬರೆದವರು ಯಾರು ಎಂದು ಕೇಳಿದರೆ ಮಾತ್ರ ತಡವರಿಸುತ್ತೇವೆ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲೂ ಅವರಿಗೆ ಹೆಚ್ಚು ಜಾಗವಿಲ್ಲ.

ನಾವು ಅಕ್ಷರ ಕಲಿತದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಮನೆಯ ಮಾತು ದಖನಿ. ಕನ್ನಡ ಓದಲು ಬಾರದ ನಮ್ಮ ದಾದಿ ಅಕ್ಕಿ ಆರಿಸುತ್ತ ಗುನುಗುತ್ತಿದ್ದದ್ದು 'ಕಸ್ತೂರಿ ನಿವಾಸ'ದ ಗೊಂಬೆಯ ಹಾಡನ್ನು. ಪಾಠಪುಸ್ತಕ ತಲುಪದ ಕಡೆಗೆ ಕನ್ನಡವನ್ನು ತಲುಪಿಸಿದವರು ಚಿ. ಉದಯಶಂಕರ್. ಆ ಹೆಸರನ್ನು ದಾದಿ ಒಮ್ಮೆಯೂ ಕೇಳಿರಲಿಲ್ಲ.

ಉದಯಶಂಕರ್ ಹುಟ್ಟಿದ್ದು 1934ರಲ್ಲಿ. ತಂದೆ ಚಿ. ಸದಾಶಿವಯ್ಯನವರೂ ಸಿನಿಮಾಕ್ಕೆ ಬರೆದವರೇ. 1963ರ 'ಸಂತ ತುಕಾರಾಂ'ನಿಂದ ಮೊದಲಾದ ಮಗನ ಬರವಣಿಗೆ 1993ರಲ್ಲಿ ತೀರಿಕೊಳ್ಳುವವರೆಗೆ ನಿಲ್ಲಲಿಲ್ಲ. ಹಾಡು, ಸಂಭಾಷಣೆ, ಚಿತ್ರಕಥೆ, ನಡುನಡುವೆ ನಟನೆ. ಕನ್ನಡ ಚಿತ್ರೋದ್ಯಮ ಮದ್ರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಕಾಲ ಅದು. ಎಷ್ಟೋ ಸಲ ರಾಗ ಮೊದಲೇ ಸಿದ್ಧವಾಗಿರುತ್ತಿತ್ತು. ಅದರ ಅಳತೆಗೆ ಮಾತು ಕೂರಿಸಬೇಕು, ಅದೂ ಬೇಗ. ಅವರು ನಿಘಂಟಿನ ಕಡೆ ಹೋಗದೆ ಓಣಿಯ ಮಾತನ್ನೇ ಎತ್ತಿಕೊಂಡರು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆಯ ಬೆನ್ನೇರಿದ ರಾಜ್‌ಕುಮಾರ್ ಹಾಡುವ ಹಾಡು ಅವರದೇ.

ಅಮೆರಿಕದಲ್ಲಿ ಇದೇ ಕಸುಬಿನ ಜಾನಿ ಮರ್ಸರ್ ಎಂಬವರಿದ್ದರು. 1909ರಲ್ಲಿ ಸವಾನಾ ಎಂಬ ಊರಲ್ಲಿ ಹುಟ್ಟಿ 1976ರಲ್ಲಿ ತೀರಿಕೊಂಡರು. ಅವರೂ ಬೇರೆಯವರ ರಾಗಕ್ಕೆ ಮಾತು ಹೊಸೆದವರು. 4 ಆಸ್ಕರ್ ಪಡೆದರು. ಅಲ್ಲಿ 1914ರಲ್ಲೇ ಹಾಡು ಕಟ್ಟುವವರ ಸಂಘ ಹುಟ್ಟಿತ್ತು. ಸಾರ್ವಜನಿಕವಾಗಿ ಹಾಡು ಬಳಸಿದವರಿಂದ ಹಣ ವಸೂಲು ಮಾಡಿ ಬರೆದವರಿಗೂ ಪಾಲು ಕೊಡುವ ಏರ್ಪಾಡು ಅದು.

ನಮ್ಮಲ್ಲಿ ಹಾಗಾಗಲಿಲ್ಲ. ಬೇರೆ ಕರಾರು ಇಲ್ಲದಿದ್ದರೆ ಸಿನಿಮಾ ಹಾಡಿನ ಹಕ್ಕು ಬರೆಸಿದ ನಿರ್ಮಾಪಕನದೇ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಉದಯಶಂಕರ್ 'ಬಭ್ರುವಾಹನ'ಕ್ಕೆ ಹಾಡು ಬರೆದ ವರ್ಷವೂ ಅದೇ. ರೇಡಿಯೋದಲ್ಲಿ ಗೀತರಚನೆಕಾರರ ಹೆಸರನ್ನೂ ಹೇಳಬೇಕೆಂದು ಹಟ ಹಿಡಿದವರು ಉರ್ದು ಕವಿ ಸಾಹಿರ್ ಲೂಧಿಯಾನ್ವಿ. ಹಣದ ನ್ಯಾಯಕ್ಕೆ ಇನ್ನೂ ಬಹಳ ಕಾಲ ಬೇಕಾಯಿತು. ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ದನಿ ಎತ್ತಿದರು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾಗಿ, ಚಿತ್ರಮಂದಿರದಾಚೆ ಹಾಡು ಬಳಕೆಯಾದಾಗ ಬರೆದವರಿಗೆ ರಾಯಧನದ ಹಕ್ಕು ಗಟ್ಟಿಯಾಯಿತು. ಆಗ ಉದಯಶಂಕರ್ ತೀರಿಕೊಂಡು 19 ವರ್ಷಗಳಾಗಿದ್ದವು.

ನಾವಿರುವ ತಲಘಟ್ಟಪುರಕ್ಕೆ 2021ರ ಜನವರಿಯಲ್ಲಿ ಮೆಟ್ರೋ ಬಂತು. ಮುಂದಿನ ನಿಲ್ದಾಣದ ಹೆಸರು ರೇಷ್ಮೆ ಸಂಸ್ಥೆ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಕನಕಪುರ, ಆಚೆ ರಾಮನಗರ. ಎರಡೂ ರೇಷ್ಮೆಯ ಸೀಮೆ. ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಗೂಡಿನಿಂದ ನೂಲು ಬಿಚ್ಚುವವರಲ್ಲಿ ನಮ್ಮ ಜನ ಬಹಳ. ಸೀರೆ ಉಟ್ಟವರಿಗೆ ಅಂಗಡಿಯ ಹೆಸರು ಗೊತ್ತು, ನೂಲು ಬಿಚ್ಚಿದವರದು ಗೊತ್ತಿಲ್ಲ. ಹಾಡಿನ ಲೋಕದಲ್ಲೂ ನಡೆದದ್ದು ಇದೇ.

ನವೆಂಬರ್ ಬಂದರೆ ಇಲ್ಲಿಯೂ ಶಾಮಿಯಾನ ಏಳುತ್ತದೆ, ರಾಜ್‌ಕುಮಾರ್ ಚಿತ್ರಕ್ಕೆ ಹಾರ ಬೀಳುತ್ತದೆ, 1973ರ 'ಗಂಧದ ಗುಡಿ'ಯ ಕನ್ನಡ ನುಡಿಯ ಹಾಡು ಮೊಳಗುತ್ತದೆ. ಬರೆದವರು ಉದಯಶಂಕರ್, ಹಾಡಿದವರು ಪಿ.ಬಿ. ಶ್ರೀನಿವಾಸ್, ರಾಗ ರಾಜನ್-ನಾಗೇಂದ್ರ ಅವರದು. ಮೈಕು ಹಿಡಿದವರು ಇಷ್ಟನ್ನು ಹೇಳಲು ಅರ್ಧ ನಿಮಿಷವೂ ಬೇಡ. ನಾಡಿನ ನುಡಿಯನ್ನು ಕೊಂಡಾಡುವ ದಿನ, ಆ ನುಡಿಯನ್ನು ಎಲ್ಲರ ನಾಲಗೆಗೆ ತಂದವರ ಹೆಸರಿಗೆ ಅಷ್ಟು ಹೊತ್ತು ಕೊಟ್ಟರೆ ಹಬ್ಬಕ್ಕೇನೂ ನಷ್ಟವಿಲ್ಲ.