ಹಾಡಿಗೊಂದು ಪರವಾನಗಿ

ರೇಡಿಯೋ ಕೇಳುವುದಕ್ಕೂ ಒಂದು ಕಾಲದಲ್ಲಿ ಸರ್ಕಾರದ ಪರವಾನಗಿ ಬೇಕಾಗಿತ್ತು ಎಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ಭಾಲ್ಕಿಯ ನಮ್ಮ ಮನೆಗೆ ಮರದ ಪೆಟ್ಟಿಗೆಯ ರೇಡಿಯೋ ಬಂದ ವರ್ಷ ಅದರ ಬೆನ್ನಿಗೇ ಒಂದು ಸಣ್ಣ ಪುಸ್ತಕವೂ ಬಂದಿತು. ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಆ ಪುಸ್ತಕದಲ್ಲಿ ಅಂಚೆಚೀಟಿ ಅಂಟಿಸಿ ಮುದ್ರೆ ಒತ್ತಿಸಿಕೊಂಡು ಬರುವುದು ತಂದೆಯವರ ನೇಮವಾಗಿತ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ರೇಡಿಯೋ ಇಟ್ಟುಕೊಳ್ಳುವುದೇ ಅಪರಾಧ. 1980ರ ದಶಕದಲ್ಲಿ ಆ ಶುಲ್ಕ ರದ್ದಾಯಿತು. ತಂದೆಯವರು ಮಾತ್ರ ಪುಸ್ತಕವನ್ನು ಎಸೆಯಲಿಲ್ಲ, "ಯಾರಾದ್ರೂ ಬಂದು ಕೇಳಿದ್ರ?" ಎಂದು ಪೆಟ್ಟಿಗೆಯ ಹಿಂದೆಯೇ ಇಟ್ಟಿದ್ದರು.

ನಮ್ಮ ಭಾಗದವರಿಗೆ ಈ ಶಬ್ದದ ಮೇಲೆ ಭಯಭಕ್ತಿ ತುಸು ಹೆಚ್ಚೇ. 'ಪರವಾನಗಿ' ಪಾರಸಿಯಿಂದ ಬಂದದ್ದು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರದಲ್ಲಿ ಅದು ಕಚೇರಿಯ ಮಾತಾಗಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆಯನ್ನು ಕೇಳುತ್ತಲೇ ಬೆಳೆದವರು ನಾವು. ಹೀಗಾಗಿ ಕೆಲವು ವರ್ಷಗಳ ಹಿಂದೆ ಗಣಕದ ತೆರೆಯ ಮೇಲೆ 'ಲೈಸೆನ್ಸ್' ಎಂಬ ಪದ ಮೂಡಿ ನನ್ನ ಕೆಲಸ ನಿಂತುಹೋದಾಗ, ಮೊದಲು ನೆನಪಾದದ್ದು ತಂದೆಯವರ ಆ ಪುಸ್ತಕವೇ.

ಸಂಗತಿ ಹೀಗಿದೆ. 1980ರ ದಶಕದಲ್ಲಿ ನಾನು ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಅಲ್ಲಿಯ ಹೆಣ್ಣುಮಕ್ಕಳು ಹಾಡುತ್ತಿದ್ದ ಬುಲಾಯಿ ಪದ, ಬೀಸುವ ಪದ, ತೊಟ್ಟಿಲ ಪದಗಳನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದೆ. ಒಟ್ಟು ಹನ್ನೊಂದು ಕ್ಯಾಸೆಟ್ಟುಗಳು. ನಿವೃತ್ತನಾಗಿ ಬೀದರದ ಮನೆಗೆ ಬಂದ ಮೇಲೆ ತೆಗೆದು ನೋಡಿದರೆ ಎರಡಕ್ಕೆ ಬೂಷ್ಟು ಹಿಡಿದಿತ್ತು. ಒಬ್ಬ ಹಳೆಯ ವಿದ್ಯಾರ್ಥಿ, ಈಗ ಪುಣೆಯಲ್ಲಿ ಎಂಜಿನಿಯರ್, ರಜೆಗೆ ಬಂದವನು ಟೇಪ್‌ರೆಕಾರ್ಡರಿನಿಂದ ಗಣಕಕ್ಕೆ ತಂತಿ ಜೋಡಿಸಿ ಅವನ್ನು ಕಡತಗಳನ್ನಾಗಿ ಮಾಡುವ ಬಗೆ ತೋರಿಸಿಕೊಟ್ಟ. ಹಾಡಿದವರ ಹೆಣ್ಣುಮಕ್ಕಳು ಮದುವೆಯಾಗಿ ಉದಗೀರ, ಪುಣೆ, ಹೈದರಾಬಾದುಗಳಿಗೆ ಹೋಗಿದ್ದಾರೆ. ಉದಗೀರವಾದರೂ ಒಂದು ಕಾಲಕ್ಕೆ ಬೀದರ ಜಿಲ್ಲೆಯದೇ. 1956ರ ಪುನರ್ವಿಂಗಡಣೆಯಲ್ಲಿ ಗಡಿಯಾಚೆ ಹೋಯಿತು. ಅವರೆಲ್ಲ ತಮ್ಮ ತಮ್ಮ ಊರಲ್ಲಿ ಕುಳಿತು ಒಂದೇ ಹೊತ್ತಿಗೆ ತಾಯಂದಿರ ದನಿ ಕೇಳುವಂತಾದರೆ! ಸಂಜೆ ಏಳರಿಂದ ಎಂಟರವರೆಗೆ ನನ್ನ ಮನೆಯಿಂದಲೇ ಒಂದು ಸಣ್ಣ ಆಕಾಶವಾಣಿ. ಅದು 2008ನೆಯ ಇಸವಿ. ಉಮೇದು ಬಹಳವಿತ್ತು, ತಿಳಿವಳಿಕೆ ಕಡಿಮೆಯಿತ್ತು.

ಇದಕ್ಕೆ ಬೇಕಾದದ್ದು ಸ್ಟ್ರೀಮಿಂಗ್ ಸರ್ವರ್ ಎಂಬ ತಂತ್ರಾಂಶ. ಕಡತವನ್ನು ಇಡಿಯಾಗಿ ಕಳಿಸದೆ, ಚರಿಗೆಯಿಂದ ಧಾರೆ ಬಿಟ್ಟ ಹಾಗೆ ಸ್ವಲ್ಪಸ್ವಲ್ಪವೇ ಹರಿಸುತ್ತದೆ. ಕೇಳುವವನ ಗಣಕ ಬಂದಷ್ಟನ್ನು ನುಡಿಸುತ್ತ ಹೋಗುತ್ತದೆ. ಮೊದಲು ಒಂದು ದೊಡ್ಡ ಕಂಪನಿಯ ತಂತ್ರಾಂಶವನ್ನು ಪ್ರಯೋಗಾರ್ಥವಾಗಿ ಇಳಿಸಿಕೊಂಡೆವು. ಮಿಂಚಂಚೆಯಲ್ಲಿ ಅವರು ಒಂದು ಪರವಾನಗಿ ಕಡತವನ್ನು ಕಳಿಸಿದರು. ಅದನ್ನು ಗೊತ್ತಾದ ಕೋಶದಲ್ಲಿ ಇಡಬೇಕು. ಎಷ್ಟು ದಿನ, ಏಕಕಾಲಕ್ಕೆ ಎಷ್ಟು ಮಂದಿ ಕೇಳುಗರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಮೂವತ್ತು ದಿನ ನಮಗೆ ಸಿಕ್ಕಿತ್ತು.

ನಾಲ್ಕನೆಯ ದಿನವೇ ಅದು ಕೈಕೊಟ್ಟಿತು. ನನ್ನ ಗಣಕ ಎರಡನೆಯ ಕೈಯದು. ಒಳಗಿನ ಗುಂಡಿ ಬ್ಯಾಟರಿ ಸತ್ತಿತ್ತು. ಬೀದರದಲ್ಲಿ ವಿದ್ಯುತ್ತು ಹೋಗುವುದು ಹೇಳಿ ಕೇಳಿ ಅಲ್ಲ. ವಿದ್ಯುತ್ತು ಹೋಗಿ ಬಂದಾಗಲೆಲ್ಲ ಗಣಕದ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತಿತ್ತು. ಪರವಾನಗಿಯ ಅವಧಿಯೇ ಇನ್ನೂ ಶುರುವಾಗಿಲ್ಲವೆಂದು ತಂತ್ರಾಂಶ ಬಾಗಿಲು ಮುಚ್ಚುತ್ತಿತ್ತು. ದಿನಾಂಕ ಸರಿಪಡಿಸಿದರೂ ಅದಕ್ಕೆ ನನ್ನ ಮೇಲೆ ಸಂಶಯ ಹೋಗಲಿಲ್ಲ. ಗಡಿಯಾರ ತಿದ್ದಿ ಮೋಸ ಮಾಡುವವನೆಂದು ಭಾವಿಸಿತೋ ಏನೋ. ಕಂಪನಿಗೆ ಬರೆದ ಓಲೆಗೆ ಬಂದ ಉತ್ತರದಲ್ಲಿ ಪೂರ್ಣ ಪರವಾನಗಿಯ ಬೆಲೆಪಟ್ಟಿ ಇತ್ತು. ಅದು ನನ್ನ ಹಲವು ತಿಂಗಳ ಪಿಂಚಣಿ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಪುಣೆಯ ಹುಡುಗ ಆಗ ಐಸ್‌ಕಾಸ್ಟ್‌ನ ಹೆಸರು ಹೇಳಿದ. 1990ರ ದಶಕದ ಕೊನೆಯಲ್ಲಿ ಹುಟ್ಟಿದ ಈ ಸರ್ವರನ್ನು ಕ್ಸಿಫ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಆಗ್ ವೋರ್ಬಿಸ್ ಎಂಬ ಧ್ವನಿ ರೂಪವೂ ಅವರದೇ. ಎಂಪಿತ್ರೀಯ ಪೇಟೆಂಟುದಾರರು 1998ರಲ್ಲಿ ಶುಲ್ಕ ಕೇಳತೊಡಗಿದಾಗ, ಯಾರಿಗೂ ಕಪ್ಪ ಕೊಡಬೇಕಿಲ್ಲದ ರೂಪವೊಂದು ಇರಲಿ ಎಂದು ಅದನ್ನು ಕಟ್ಟಿದರು, ಅದರ 1.0 ಆವೃತ್ತಿ ಬಂದದ್ದು 2002ರಲ್ಲಿ. ಐಸ್‌ಕಾಸ್ಟ್ ಕೂಡ ಮುಕ್ತ ತಂತ್ರಾಂಶವೇ. ಗಣಕದಲ್ಲಿ ಲಿನಕ್ಸ್ ಹಾಕಿದೆವು. ಲಿನಕ್ಸ್ ಎಂದರೆ ಯುನಿಕ್ಸ್ ಅಲ್ಲ, ಆದರೆ ಯುನಿಕ್ಸಿನ ರೀತಿನೀತಿಗಳನ್ನೆಲ್ಲ ಪಾಲಿಸುವ ಸಾಕುಮಗ ಎನ್ನಬಹುದು.

ಅನುಸ್ಥಾಪನೆಗೆ ಒಂದೇ ಸಾಲಿನ ಆಜ್ಞೆ ಸಾಕಾಯಿತು. ಎರಡು ನಿಮಿಷದಲ್ಲಿ ಎಲ್ಲವೂ ಮುಗಿದಂತೆ ಕಂಡಿತು. ಸರ್ವರಿಗೆ ಏಳು ಎಂದೆ, ಅದು ಏಳಲಿಲ್ಲ. ತಪ್ಪಾಗಿದೆ ಎಂದೂ ಹೇಳಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ಪ್ರಶ್ನೆ ಕೇಳಿದಾಗ ಸುಮ್ಮನೆ ನೋಡುತ್ತಾನಲ್ಲ, ಹಾಗೆ. ಒಂದಿಡೀ ಸಂಜೆ ಹುಡುಕಿದ ಮೇಲೆ ತಿಳಿಯಿತು: ಇನ್ನೊಂದು ಪುಟ್ಟ ಕಡತದಲ್ಲಿ 'ಎನೇಬಲ್' ಎಂಬುದರ ಮುಂದೆ 'ಫಾಲ್ಸ್' ಎಂದಿತ್ತು. ಮಾಲೀಕನು ತಾನಾಗಿ 'ಟ್ರೂ' ಎಂದು ಬರೆಯುವ ತನಕ ಅದು ನಡೆಯುವುದಿಲ್ಲ. ಮುಖ್ಯ ಕಡತದಲ್ಲಿ ಗುಪ್ತಪದ 'ಹ್ಯಾಕ್‌ಮಿ' ಎಂದಿತ್ತು, ಅಂದರೆ ನನ್ನನ್ನು ಕದಿ! ಬದಲಿಸದೆ ಬಿಟ್ಟವನಿಗೆ ಎಚ್ಚರವಾಗಲೆಂದು ಹೀಗೆ ಹೆಸರಿಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಿದೆ. ನಡುವೆ ಆತುರಕ್ಕೆ ಬಿದ್ದು ರೂಟ್ ಆಗಿ, ಅಂದರೆ ಗಣಕದ ಸರ್ವಾಧಿಕಾರಿಯಾಗಿ, ಅದನ್ನು ಕೈಯಿಂದಲೇ ನಡೆಸಲು ಹೋದೆ. ರೂಟ್ ಆಗಿ ನಡೆಸಬಾರದೆಂದು ಹೇಳಿ ತಾನೇ ನಿಂತುಕೊಂಡಿತು. ಫೋನಿನಲ್ಲಿ ಹುಡುಗ ನಕ್ಕ. "ಹೊರಗಿನ ಮಂದಿಗಿ ಬಾಗಲಾ ತೆರಿಯಂವ ಸಾದಾ ಆಳಿರಬೇಕ್ರಿ ಸರ್, ಮನಿ ಯಜಮಾನ ಅಲ್ಲ. ಕಳ್ಳ ಒಳಗ ಬಂದ್ರ ಆಳಿನ ಖೋಲಿ ಅಷ್ಟ ಅವನ ಕೈಗಿ ಸಿಗತದ."

ಕಡೆಗೂ 8000ನೆಯ ಪೋರ್ಟಿನಲ್ಲಿ ಹಾಡು ಹರಿಯಿತು. ಆದರೆ ಸ್ಟ್ರೀಮಿಂಗಿನಲ್ಲಿ ಪ್ರತಿಯೊಬ್ಬ ಕೇಳುಗನಿಗೂ ಬೇರೆ ಬೇರೆ ಪ್ರತಿ ಹೋಗಬೇಕು. ರೇಡಿಯೋದಂತೆ ಒಂದೇ ಅಲೆ ಎಲ್ಲರಿಗೂ ಸಾಲುವುದಿಲ್ಲ. ನನ್ನ ದೂರವಾಣಿ ತಂತಿ ಹೊರಕ್ಕೆ ಸಾಗಿಸುತ್ತಿದ್ದುದು ಸೆಕೆಂಡಿಗೆ 128 ಕಿಲೋಬಿಟ್. ಒಂದು ಹಾಡಿಗೆ 32 ಎಂದರೆ ಲೆಕ್ಕಕ್ಕೆ ನಾಲ್ವರು, ವಾಸ್ತವದಲ್ಲಿ ಮೂವರು. ಐಸ್‌ಕಾಸ್ಟ್ ಉದಾರವಾಗಿ ನೂರು ಕೇಳುಗರಿಗೆ ಅವಕಾಶವಿಟ್ಟಿತ್ತು. ಅದನ್ನು ಅಳಿಸಿ 3 ಎಂದು ನಾನೇ ಬರೆದೆ. ಕೇಳುಗರನ್ನು ಎಣಿಸುತ್ತಾರೆಂದು ಕಂಪನಿಯನ್ನು ಬೈದವನು ನಾನೇ! ಮೇಲಾಗಿ ವಿದ್ಯುತ್ತು ಹೋಗಿ ಬಂದಾಗಲೆಲ್ಲ ನನ್ನ ಅಂತರ್ಜಾಲದ ವಿಳಾಸ ಬದಲಾಗುತ್ತಿತ್ತು. ಸಂಜೆ ಆರೂವರೆಗೆ ಉದಗೀರದಿಂದ ಫೋನು ಬರುತ್ತಿತ್ತು: "ಇವತ್ತಿಂದು ನಂಬರ್ ಏನದರಿ ಸರ್?" ನಾಲ್ಕು ಅಂಕಿಗಳನ್ನು ಮಗ್ಗಿ ಹೇಳಿದಂತೆ ಹೇಳುತ್ತಿದ್ದೆ.

ಹನ್ನೊಂದು ಸಂಜೆ ಹೀಗೆ ನಡೆಯಿತು. ಈ ನಡುವೆ, ಒಮ್ಮೆ ಪೆಟ್ಟು ತಿಂದವನಾದ್ದರಿಂದ, ಐಸ್‌ಕಾಸ್ಟಿನ ಪರವಾನಗಿಯನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಅದು ಜಿಪಿಎಲ್, 1991ರ ಎರಡನೆಯ ಆವೃತ್ತಿ. ಅದರ ಹಿಂದೆಯೂ ಒಂದು ಕಥೆಯಿದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಹುಟ್ಟಿದಾಗ ಅದರ ಒಡೆಯರಾದ ಎಟಿ ಆ್ಯಂಡ್ ಟಿ ಕಂಪನಿಗೆ, 1956ರ ನ್ಯಾಯಾಲಯದ ಒಪ್ಪಂದದ ಕಾರಣ, ಗಣಕ ವ್ಯಾಪಾರಕ್ಕಿಳಿಯುವಂತಿರಲಿಲ್ಲ. ವಿಶ್ವವಿದ್ಯಾಲಯಗಳಿಗೆ ಮೂಲ ಬರಹದೊಡನೆ ಅಲ್ಪ ಬೆಲೆಗೆ ಕೊಟ್ಟರು. 1984ರಲ್ಲಿ ಕಂಪನಿ ಒಡೆದು ಆ ಕಟ್ಟು ಸಡಿಲವಾದ ಮೇಲೆ ಯುನಿಕ್ಸ್ ದುಬಾರಿ ಸರಕಾಯಿತು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಗ್ನೂ ಯೋಜನೆಯನ್ನು ಘೋಷಿಸಿದ್ದರು; ಯಾರೂ ಬೇಲಿ ಹಾಕಲಾರದ ಯುನಿಕ್ಸಿನಂಥ ವ್ಯವಸ್ಥೆ ಅವರ ಗುರಿ. ಆ ಯೋಜನೆಯ ಪರವಾನಗಿಯೇ ಈ ಜಿಪಿಎಲ್.

ನಾನು ಕಂಡ ಪರವಾನಗಿಗಳಲ್ಲೆಲ್ಲ ವಿಚಿತ್ರವಾದದ್ದು ಅದು. ತಂತ್ರಾಂಶವನ್ನು ನಡೆಸುವುದಕ್ಕೆ ಯಾವ ನಿರ್ಬಂಧವೂ ಇಲ್ಲ. ಒಪ್ಪಿಕೊಳ್ಳಲೇಬೇಕೆಂಬ ಬಲವಂತವೂ ಇಲ್ಲ, ಏಕೆಂದರೆ ನೀನು ಸಹಿ ಮಾಡಿಲ್ಲ ಎಂದು ಅದೇ ಹೇಳುತ್ತದೆ. ಆದರೆ ಇನ್ನೊಬ್ಬರಿಗೆ ಹಂಚಹೊರಟೆಯೋ, ಆಗ ಮಾತು ಬೇರೆ: ನಿನಗೆ ಸಿಕ್ಕ ಹಕ್ಕು ಅವರಿಗೂ ಸಿಗಬೇಕು, ಮೂಲ ಬರಹವೂ ಸಿಗಬೇಕು, ಬರೆದವರ ಹಕ್ಕಿನ ಸೂಚನೆಯನ್ನು ಅಳಿಸಬಾರದು.

ಬರೆದವರ ಹಕ್ಕು ಎಂಬಲ್ಲಿ ನನ್ನ ಬೆರಳು ನಿಂತಿತು. ಅಮೆರಿಕದ ಯಾರೋ ಹುಡುಗರು ಬರೆದ ಸರ್ವರಿನ ವಿಷಯದಲ್ಲಿ ಪ್ರತಿಯೊಂದು ಷರತ್ತನ್ನೂ ನಿಘಂಟು ತೆರೆದು ಪಾಲಿಸುತ್ತಿದ್ದೇನೆ. ಅದರೊಳಗಿಂದ ಹರಿಯುತ್ತಿರುವ ಹಾಡಿಗೆ ಯಾರ ಪರವಾನಗಿ ಇದೆ? ರೆಕಾರ್ಡು ಮಾಡಿಕೊಳ್ಳಲೇ ಎಂದು ಆಗ ಕೇಳಿದ್ದು ನಿಜ. ಊರೂರಿಗೆ ಕೇಳಿಸಲೇ ಎಂದು ಕೇಳಿರಲಿಲ್ಲ. ಅಂಥ ಪ್ರಶ್ನೆ ಹುಟ್ಟುವ ಕಾಲವೂ ಅದಾಗಿರಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹಾಡುವವರಿಗೆ, ಆಡುವವರಿಗೆ ಪ್ರತ್ಯೇಕ ಹಕ್ಕು ಬಂದದ್ದೇ 1994ರ ತಿದ್ದುಪಡಿಯಿಂದ. ನನ್ನ ಕ್ಯಾಸೆಟ್ಟುಗಳು ಅದಕ್ಕೂ ಹಿಂದಿನವು. ವಕೀಲರನ್ನು ಕೇಳಿದ್ದರೆ ಏನಾದರೊಂದು ದಾರಿ ಹೇಳುತ್ತಿದ್ದರು. ನಾನು ವಕೀಲರನ್ನು ಕೇಳಲಿಲ್ಲ, ಸಂತಪುರದ ಮೇಲೆ ಹೋಗುವ ಔರಾದಿನ ಬಸ್ಸು ಹತ್ತಿದೆ.

ಹಾಡಿದ ಏಳು ಮಂದಿಯಲ್ಲಿ ಮೂವರು ಉಳಿದಿದ್ದರು. ಇಬ್ಬರು ಕೇಳಿದ್ದಕ್ಕೇ ನಾಚಿ ನಕ್ಕರು. ತೀರಿಕೊಂಡವರ ಮನೆಗಳಲ್ಲಿ ಮಕ್ಕಳನ್ನು, ಸೊಸೆಯರನ್ನು ಕೇಳಿದೆ, ಯಾರೂ ಬೇಡವೆನ್ನಲಿಲ್ಲ. ಮೂರನೆಯವರು ಊರಿನ ಕೊನೆಯ ಮನೆಯ ಆಯಿ, ಆಗಲೇ ಎಂಬತ್ತರ ಹತ್ತಿರ. ಕಣ್ಣು ಮಂಜಾಗಿದ್ದರೂ ನನ್ನ ದನಿ ಗುರುತಿಸಿದರು. ಸಣ್ಣ ಟೇಪ್‌ರೆಕಾರ್ಡರಿನಲ್ಲಿ ಅವರ ಹಾಡುಗಳನ್ನು ಒಂದೊಂದಾಗಿ ಕೇಳಿಸಿದೆ. ತಲೆದೂಗುತ್ತ ಕೇಳಿದರು, ನಡುನಡುವೆ ಮರೆತ ನುಡಿ ಸಿಕ್ಕಾಗ ತಾವೂ ದನಿಗೂಡಿಸಿದರು. ಏಳನೆಯ ಹಾಡಿಗೆ ಅವರ ಕೈ ನನ್ನ ಮೊಣಕೈ ಹಿಡಿಯಿತು.

"ಇದು ಯಾವಾಗ ಹಿಡದೀರಿ ಮಾಸ್ತರ್ರಾ?"

ಎಲ್ಲರೂ ಎದ್ದುಹೋದ ಮೇಲೆ, ನಾನು ಯಂತ್ರ ನಿಲ್ಲಿಸುವ ಮೊದಲು, ಅವರು ಒಬ್ಬರೇ ಕಂಬಕ್ಕೊರಗಿ ಹಾಡಿಕೊಂಡದ್ದು ಅದು. ನನ್ನ ಇಡೀ ಸಂಗ್ರಹದಲ್ಲಿ ಅದಕ್ಕೆ ಸಾಟಿಯಿಲ್ಲವೆಂದು ಪಟ್ಟಿಯ ಮೊದಲಲ್ಲೇ ಇಟ್ಟಿದ್ದೆ. ಹನ್ನೊಂದು ಸಂಜೆಯೂ ನನ್ನ ಆಕಾಶವಾಣಿ ತೆರೆದದ್ದು ಆ ಹಾಡಿನಿಂದಲೇ.

"ಉಳಕಿದ್ದೆಲ್ಲಾ ಹಚ್ರಿ. ಇದೊಂದು ಹಚ್ಚಬ್ಯಾಡ್ರಿ. ಇದು ಹಾಡಲ್ಲರಿ. ನನ್ನ ಸಣ್ಣ ಮಗಳು ಹೋದ ವರ್ಷದ್ದು."

ಹನ್ನೊಂದು ಸಲ ಹಚ್ಚಿಯಾಗಿದೆ ಎಂದು ಹೇಳಬೇಕಾಯಿತು. ಹೇಳಿದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಕೊನೆಗೆ, ಯಾರು ಕೇಳಿದರು ಎಂದು ವಿಚಾರಿಸಿದರು. ಉದಗೀರದಲ್ಲಿರುವ ಅವರ ದೊಡ್ಡ ಮಗಳೇ ಕೇಳಿದ್ದಳು. "ಆಕಿ ಏನೂ ಅಂದಿಲ್ಲೇನ್ರಿ?" ಎಂದರು. ಇಲ್ಲ, ನನ್ನೆದುರು ಏನೂ ಅಂದಿರಲಿಲ್ಲ. ಪ್ರತಿ ಸಂಜೆ ನಂಬರು ಕೇಳಿ ಫೋನು ಮಾಡುತ್ತಿದ್ದವಳು ಅವಳೇ. ಕ್ಯಾಸೆಟ್ಟನ್ನು ತಾವೇ ಇಟ್ಟುಕೊಳ್ಳಿ ಎಂದು ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ಇಲ್ಲಿ ಇಲಿ ಕಡೀತಾವ. ನಿಮ್ಮಲ್ಲೇ ಇರ್ಲಿ."

ಅದೇ ರಾತ್ರಿ ಬೀದರಕ್ಕೆ ಮರಳಿ ಪಟ್ಟಿಯಿಂದ ಆ ಸಾಲನ್ನು ಅಳಿಸಿದೆ. ಯುನಿಕ್ಸಿನಲ್ಲಿ ಪ್ರತಿ ಕಡತಕ್ಕೂ ಒಬ್ಬ ಮಾಲೀಕ, ಒಂದು ಗುಂಪು, ಉಳಿದವರು ಎಂಬ ಮೂರು ವರ್ಗಗಳಿವೆ. ಯಾರು ಓದಬಹುದು, ಯಾರು ಬರೆಯಬಹುದು ಎಂಬುದು ಆ ಲೆಕ್ಕದಲ್ಲೇ ನಿರ್ಧಾರವಾಗುತ್ತದೆ. ಮಾಲೀಕರ ಹೊರತು ಯಾರೂ ಓದದಂತೆ ಆಜ್ಞೆ ಕೊಟ್ಟು ನೋಡಿದರೆ, ಮಾಲೀಕನ ಜಾಗದಲ್ಲಿ ನನ್ನ ಹೆಸರಿತ್ತು. ಆಯಿಯ ಹೆಸರಿನಲ್ಲಿ ಗಣಕದಲ್ಲಿ ಒಂದು ಖಾತೆ ತೆರೆದು, ಗುಪ್ತಪದವನ್ನೇನೂ ಇಡದೆ, ಕಡತವನ್ನು ಅವರಿಗೆ ವರ್ಗಾಯಿಸಿದೆ. ಮರುದಿನ ಸಂಜೆ ಉದಗೀರದ ಫೋನು ಎಂದಿನಂತೆ ಬಂದಿತು. ನಂಬರು ಹೇಳಿದೆ, ಉಳಿದದ್ದನ್ನು ಅವಳಿಗೆ ಅವಳ ತಾಯಿ ಹೇಳಲಿ ಎಂದು ಸುಮ್ಮನಾದೆ.

ಆ ಗಣಕ 2015ರಲ್ಲಿ ಪೂರಾ ಕೆಟ್ಟಿತು. ಹೊಸದಕ್ಕೆ ಕಡತಗಳನ್ನು ಸಾಗಿಸುವ ಮೊದಲು ಅದರಲ್ಲಿ ಎರಡು ಖಾತೆ ತೆರೆದೆ, ನನ್ನದೊಂದು, ಆಯಿಯದೊಂದು. ರೂಟ್ ಆದವನು ಯಾರ ಕಡತವನ್ನಾದರೂ ತೆರೆಯಬಲ್ಲ. ನಕಲು ಮಾಡಿದ ಆ ಒಂದು ಸಲದ ಹೊರತು ನಾನು ರೂಟ್ ಆಗಿ ಆ ಕಡತದ ಹತ್ತಿರ ಹೋಗಿಲ್ಲ.