ಒಂದೇ ಕೋವಿ, ಎರಡು ಮದ್ದು

ಗಲ್ಫ್ ಬಿಟ್ಟು ನೈರೋಬಿಗೆ ಬಂದು ಆರು ವರ್ಷವಾದರೂ ಸಂಘದ ಸಂಚಿಕೆಗೆ ಬರೆಯುವುದನ್ನು ನಾವು ಬಿಟ್ಟಿಲ್ಲ. ಸಂಪಾದಕರ ಬೇಡಿಕೆ ಪ್ರತಿ ವರ್ಷವೂ ಒಂದೇ: "ಆಫ್ರಿಕಾದಲ್ಲಿದ್ದೀರಿ ಮಾರಾಯ್ರೆ, ಸಿಂಹ, ಆನೆ, ಬೇಟೆ ಅಂತ ಏನಾದರೂ ಬರೆಯಿರಿ." ನಾವಿರುವುದು ಎಂಬಕಸಿಯಲ್ಲಿ. ಇಲ್ಲಿ ಬೆಳಿಗ್ಗೆ ಕೇಳುವುದು ಸಿಂಹದ ಗರ್ಜನೆಯಲ್ಲ, ಮಟಾಟು ವ್ಯಾನುಗಳ ಹಾರ್ನು ಮತ್ತು ತಲೆಯ ಮೇಲೆ ಇಳಿಯುವ ವಿಮಾನಗಳ ಸದ್ದು. ಇಂದಿನ ಜೋಮೊ ಕೆನ್ಯಾಟಾ ವಿಮಾನ ನಿಲ್ದಾಣಕ್ಕೆ 1958ರಲ್ಲಿ ಶುರುವಾದಾಗ ಎಂಬಕಸಿಯದ್ದೇ ಹೆಸರಿತ್ತು. ದೊಡ್ಡ ಪ್ರಾಣಿಗಳ ಬೇಟೆಯಂತೂ ಈ ದೇಶದಲ್ಲಿ 1977ರಲ್ಲೇ ನಿಷೇಧವಾಗಿದೆ.

ಆದರೂ ಈ ಸಲ ಕೋವಿಯ ವಿಷಯವನ್ನೇ ಬರೆಯುತ್ತಿದ್ದೇವೆ. ಅದಕ್ಕೆ ಕಾರಣ ಸುಳ್ಯದಲ್ಲಿರುವ ಅಣ್ಣ ಮತ್ತು ಕಳೆದ ವರ್ಷ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದ ಅಮ್ಮ.

ಅಮ್ಮ ಬಂದ ಎರಡನೆಯ ವಾರ ಅಣ್ಣನ ಫೋನು ಬಂತು. ಊರಿನ ಮನೆಯಲ್ಲಿ ಅಜ್ಜನ ಕಾಲದ ಒಂದು ತೋಟೆ ಕೋವಿಯಿದೆ. 12 ಬೋರಿನ ಒಂಟಿ ನಳಿಗೆಯದ್ದು, ಬೆಳೆ ರಕ್ಷಣೆಯ ಪರವಾನಗಿಯಲ್ಲಿರುವುದು. ಚುನಾವಣೆ ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಠೇವಣಿ ಇಟ್ಟು ಬರಬೇಕು. ಆ ತಿಂಗಳು ಮಂಗ, ಹಂದಿಗಳಿಗೆ ಹಬ್ಬ. ಅಣ್ಣನಿಗೆ ಈಗ ಇನ್ನೊಂದು ಬೇಕೆಂದು ಆಸೆ. "ಒಂದು .315 ರೈಫಲು ತೆಗೆಯುವ ಅಂತ. ಅದಾಗದಿದ್ದರೆ ಮಗನ ಕೈಗೆ ಹಗುರವಾಗಿ ಒಂದು 20 ಬೋರು. ಒಂದೇ ಕೋವಿಯಲ್ಲಿ ಎಲ್ಲ ಆಗುತ್ತದಾ? ನೀವು ಆಫ್ರಿಕಾದವರು, ವಿಚಾರಿಸಿ ಹೇಳಿ ನೋಡುವ" ಎಂದ.

ಎರಡು ದಿನ ಬಿಟ್ಟು ಹೇಳುತ್ತೇವೆ ಎಂದೆವು. ಕೋವಿಯ ವಿಷಯವನ್ನು ಡಿ.ಫಾರ್ಮ ಓದಿದವರಲ್ಲಿ ಕೇಳುವುದು ತಮಾಷೆಯೆನಿಸಬಹುದು. ಆದರೆ ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಅಂಗಡಿಯಲ್ಲಿ ಕೊಡುವುದೂ ಮದ್ದು, ಕೇಪಿನ ಕೋವಿಗೆ ತುಂಬಿಸುವುದೂ ಮದ್ದು. ತೂಕವೂ ಒಂದೇ. ಗುಂಡಿನ ತೂಕವನ್ನು ಇಂದಿಗೂ ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಅಕ್ಕಸಾಲಿಗರ ಗುಲಗಂಜಿಯ ಹಾಗೆ ಇದು ಒಂದು ಧಾನ್ಯದ ಕಾಳಿನಿಂದ ಬಂದ ಅಳತೆ, ಸುಮಾರು 65 ಮಿಲಿಗ್ರಾಂ. ಹಳೆಯ ಔಷಧ ತಯಾರಕರದ್ದೂ ಇದೇ ಅಳತೆ. ಆಸ್ಪಿರಿನ್ ಮಾತ್ರೆಯಲ್ಲಿ 325 ಮಿಲಿಗ್ರಾಂ ಎಂಬ ವಿಚಿತ್ರ ಸಂಖ್ಯೆ ಬಂದದ್ದು 5 ಗ್ರೇನಿನಿಂದ.

ಹಾಗೆ ನೋಡಿದರೆ ಅಜ್ಜನ 12 ಬೋರು ಕೂಡ ಒಂದು ತೂಕದ ಲೆಕ್ಕವೇ. ಒಂದು ಪೌಂಡು ಸೀಸದಿಂದ ಸಮನಾದ 12 ಉಂಡೆ ಮಾಡಿದರೆ, ಒಂದು ಉಂಡೆ ಹಿಡಿಸುವ ನಳಿಗೆ 12 ಬೋರು. 20 ಉಂಡೆ ಮಾಡಿದರೆ 20 ಬೋರು. ಆದ್ದರಿಂದ ನಂಬರು ದೊಡ್ಡದಾದಂತೆ ನಳಿಗೆ ಸಣ್ಣದು. ಅಜ್ಜ ಆ ಒಂದೇ ಕೋವಿಯಲ್ಲಿ ಜೀವಮಾನ ಕಳೆದರು. 1972ರ ವನ್ಯಜೀವಿ ಕಾಯಿದೆ ಬರುವ ಮೊದಲು ಹಕ್ಕಿಗೆ ಸಣ್ಣ ಚರೆಯ ತೋಟೆ, ಹಂದಿಗೆ ಎಲ್.ಜಿ. ಅಥವಾ ಎಸ್.ಜಿ. ಕೋವಿ ಬದಲಾಗುತ್ತಿರಲಿಲ್ಲ, ತೋಟೆ ಬದಲಾಗುತ್ತಿತ್ತು. ನಮ್ಮ ಕಡೆಯ ಬೇಟೆಗಾರರ ಲೋಕ ಹೇಗಿತ್ತೆಂದು ಪುತ್ತೂರಿನ ಕೆದಂಬಾಡಿ ಜತ್ತಪ್ಪ ರೈಯವರ 'ಬೇಟೆಯ ನೆನಪುಗಳು' ಓದಿದವರಿಗೆ ಗೊತ್ತಿರುತ್ತದೆ.

ಇನ್ನು ಆಫ್ರಿಕಾದವರು. ಬೆಲ್ ಎಂಬ ಸ್ಕಾಟ್ಲೆಂಡಿನವನೊಬ್ಬ ಪಕ್ಕದ ಉಗಾಂಡದ ಕರಮೋಜ ಪ್ರದೇಶದಲ್ಲಿ ದಂತಕ್ಕಾಗಿ ಆನೆ ಹೊಡೆದು 'ಕರಮೋಜೊ ಬೆಲ್' ಎಂದೇ ಹೆಸರಾದ. ಸಾವಿರಕ್ಕೂ ಹೆಚ್ಚು ಆನೆ ಕೊಂದ ಅವನ ಮೆಚ್ಚಿನ ಕೋವಿ .275 ರಿಗ್ಬಿ. ಅದರ ಗುಂಡಿನ ತೂಕ 173 ಗ್ರೇನ್, ಅಂದರೆ ಸುಮಾರು 11 ಗ್ರಾಂ. ಬೇರೆಯವರು ಹೆಗಲು ಮುರಿಯುವ ದೊಡ್ಡ ಕೋವಿ ಹೊತ್ತು ತಿರುಗುತ್ತಿದ್ದ ಕಾಲದಲ್ಲಿ ಇವನು ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮೆದುಳು ಎಲ್ಲಿದೆಯೆಂದು ಕಲಿತಿದ್ದ. ಕೋವಿ ಸಣ್ಣದಾದರೂ ಗುರಿ ಖಚಿತವಾಗಿತ್ತು. ಆದರೆ ಅವನ ಅಳತೆ ಎಲ್ಲರಿಗೂ ಹೊಂದುವುದಿಲ್ಲ. ಬೆಲ್ಲನ ಕೈಯಿಲ್ಲದೆ ಬೆಲ್ಲನ ಕೋವಿ ಹಿಡಿದವನ ಗತಿ ಏನೆಂದು ಹೇಳಬೇಕಾಗಿಲ್ಲ.

ತೇಜಸ್ವಿಯವರ ಅನುವಾದದಿಂದ ಕನ್ನಡಿಗರಿಗೆ ಮನೆಯವನೇ ಆದ ಜಿಮ್ ಕಾರ್ಬೆಟ್ ಕೊನೆಗಾಲ ಕಳೆದದ್ದು ಕೆನ್ಯಾದಲ್ಲಿ. ನೈರೋಬಿಯಿಂದ ಸುಮಾರು 150 ಕಿಲೋಮೀಟರು ಉತ್ತರದ ನ್ಯೇರಿಯಲ್ಲಿ 1955ರಲ್ಲಿ ತೀರಿಕೊಂಡ. ಸಮಾಧಿಯೂ ಅಲ್ಲೇ ಇದೆ, ನಾವು ಹೋಗಿ ನೋಡಿ ಬಂದಿದ್ದೇವೆ. ಅವನ ಕೈಯಲ್ಲೂ .275 ರಿಗ್ಬಿಯೇ. 1907ರಲ್ಲಿ ಚಂಪಾವತ್ತಿನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಬಹುಮಾನವಾಗಿ ಬಂದದ್ದು. ಆದರೆ ಅವನು ಎರಡು ಇಟ್ಟುಕೊಂಡಿದ್ದ. ಇನ್ನೊಂದು .450/400ರ ಜೋಡು ನಳಿಗೆ, ಗುಂಡು 400 ಗ್ರೇನ್. ಬೆಟ್ಟ ಹತ್ತುವ ದಿನ ಹಗುರದ್ದು, ಹುಲಿ ಹತ್ತಿರದಿಂದ ಎರಗುವ ಕಡೆ ಭಾರದ್ದು. ಎರಡರ ಕೆಲಸವೂ ಬೇರೆ, ಗುಂಡುಗಳೂ ಬೇರೆ. ಕತ್ತಲಲ್ಲಿ ಮುಟ್ಟಿದರೂ ಯಾವುದು ಯಾವುದೆಂದು ಗೊತ್ತಾಗುವಷ್ಟು ವ್ಯತ್ಯಾಸ.

ಮೂರನೆಯವನು ಪ್ಯಾಟರ್ಸನ್. ಮೊಂಬಾಸಾದಿಂದ ನೈರೋಬಿಗೆ ಬರುವ ರೈಲು ದಾರಿ ಹಾಕಲು 1898ರಲ್ಲಿ ನಮ್ಮ ದೇಶದ ಕೂಲಿಗಳು ದುಡಿಯುತ್ತಿದ್ದಾಗ ತ್ಸಾವೊ ಎಂಬಲ್ಲಿ ಎರಡು ಸಿಂಹಗಳು ಡೇರೆಗಳಿಗೆ ನುಗ್ಗಿ ಜನರನ್ನು ಎಳೆದೊಯ್ದವು. ಸೇತುವೆಯ ಇಂಜಿನಿಯರಾಗಿದ್ದ ಪ್ಯಾಟರ್ಸನ್ ಒಂದು ದಿನ ತನ್ನ ಕೋವಿ ಸಾಲದೆಂದು ಒಬ್ಬ ಡಾಕ್ಟರರ ಭಾರೀ ಕೋವಿಯನ್ನು ಎರವಲು ಪಡೆದು ಹೋದ. ಸಿಂಹ ಎದುರಿಗೆ ಬಂದು ನಿಂತಿತು. ಕುದುರೆ ಎಳೆದರೆ ಈಡು ಹಾರಲೇ ಇಲ್ಲ. ಅಂದು ಅವನು ಉಳಿದದ್ದು ಸಿಂಹದ ದಯೆ. ಆ ಡಿಸೆಂಬರಿನಲ್ಲಿ ಅವನು ಎರಡು ಸಿಂಹಗಳನ್ನೂ ಕೊಂದ.

ಇಷ್ಟೆಲ್ಲ ಓದಿ, ಅಣ್ಣನಿಗೆ ಏನು ಹೇಳುವುದೆಂದು ನಾವು ಯೋಚಿಸುತ್ತಿದ್ದಾಗಲೇ ಆ ಶನಿವಾರ ಬಂತು.

ಅಮ್ಮನಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ತಿಂಡಿಗೆ ಮೊದಲು ಇಪ್ಪತ್ತು ಯೂನಿಟು ಇನ್ಸುಲಿನ್. ತಾನೇ ಎಳೆದು ತಾನೇ ಚುಚ್ಚಿಕೊಳ್ಳುವವರು. ಊರಿನಿಂದ ತಂದಿದ್ದ ಬಾಟಲಿ ಮುಗಿದಿತ್ತು. ಹಿಂದಿನ ಸಂಜೆ ನಾವು ಇಲ್ಲಿಂದಲೇ ಹೊಸ ಬಾಟಲಿ ತಂದು, "ಅದೇ ಮದ್ದು ಅಮ್ಮ, ಅದೇ ಹೆಸರು" ಎಂದು ಫ್ರಿಜ್ಜಿನಲ್ಲಿಟ್ಟಿದ್ದೆವು. ಸಿರಿಂಜು ಮಾತ್ರ ಅವರದ್ದೇ, ಊರಿನದ್ದು, ಕೆಂಪು ಮುಚ್ಚಳದ್ದು.

ಊರಿನ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟು. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು ಅದಕ್ಕೆ ತಕ್ಕವು. ಇಲ್ಲಿನ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟು. ಅದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು ಬೇಕು. ಅಮ್ಮ ಎಂದಿನಂತೆ ಇಪ್ಪತ್ತರ ಗೆರೆಯವರೆಗೆ ಎಳೆದರು. ಅರ್ಧ ಮಿಲಿಲೀಟರು. ಮೈಗೆ ಹೋದದ್ದು ಐವತ್ತು ಯೂನಿಟು.

ಹತ್ತೂವರೆಯ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಮ್ಮನ ಸೀರೆ ಬೆವರಿನಿಂದ ಒದ್ದೆ, ಕೈ ನಡುಗುತ್ತಿದೆ, ತೀರಿಹೋದ ಅಪ್ಪನನ್ನು ಕರೆದು ದನ ಬಿಡಲು ಹೇಳುತ್ತಿದ್ದಾರೆ. ಯಂತ್ರಕ್ಕೆ ಬೆರಳು ಚುಚ್ಚಿ ನೋಡಿದರೆ 2.1. ಊರಿನ ಲೆಕ್ಕದಲ್ಲಿ 38. ನುಂಗುವಷ್ಟು ಎಚ್ಚರವಿತ್ತು, ಸಕ್ಕರೆ ನೀರು ಕುಡಿಸಿದೆವು. ಆಮೇಲೆ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ, ಗ್ಲೂಕೋಸಿನ ಡ್ರಿಪ್ಪು. ಆ ಮದ್ದಿನ ಪ್ರಭಾವ ದಿನವಿಡೀ ಇರುವುದರಿಂದ ರಾತ್ರಿಯೂ ಅಲ್ಲೇ ಉಳಿಯಬೇಕಾಯಿತು. ಗಂಟೆಗೊಮ್ಮೆ ಬೆರಳು ಚುಚ್ಚುತ್ತಾ ಕುಳಿತೆವು.

ಕೌಂಟರಿನಲ್ಲಿ ನಾವು ಇನ್ಸುಲಿನ್ ಕೊಡುವಾಗ ಪ್ರತಿಯೊಬ್ಬರಲ್ಲೂ ಕೇಳುತ್ತೇವೆ, ಸಿರಿಂಜು ಯಾವುದು ತೋರಿಸಿ ಎಂದು. ಇಪ್ಪತ್ತು ವರ್ಷದ ಅಭ್ಯಾಸ. ಮನೆಯಲ್ಲಿ ಅಮ್ಮನನ್ನು ಕೇಳಲಿಲ್ಲ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಬೆಳಗಿನ ಜಾವ ಅಮ್ಮ ಸರಿಯಾಗಿ ಮಾತಾಡಿದರು. ನಡೆದದ್ದನ್ನು ಮುಚ್ಚಿಡದೆ ಹೇಳಿದೆವು. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವನವರು ತೋಟೆಯನ್ನು ಕೈಯಲ್ಲಿ ತಿರುಗಿಸಿ ಓದದೆ ಕೋವಿಗೆ ಹಾಕುತ್ತಿರಲಿಲ್ಲ. ಮನೆಯ ಪೆಟ್ಟಿಗೆಯದ್ದಾದರೂ" ಎಂದರು. ಆಮೇಲೆ, "ಅಣ್ಣನಿಗೆ ಇದನ್ನು ಹೇಳಬೇಡಿ, ಹೆದರುತ್ತಾನೆ" ಎಂದರು.

ನಾವು ಹೇಳಿದೆವು. ಅಣ್ಣನ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಹೇಳದೆ ದಾರಿಯಿರಲಿಲ್ಲ. 12 ಬೋರಿರುವ ಮನೆಗೆ 20 ಬೋರು ತರಬೇಡ ಎಂದೆವು. 20ರ ತೋಟೆ ಸಪೂರ. ಅವಸರದಲ್ಲಿ 12ರ ನಳಿಗೆಗೆ ಹಾಕಿದರೆ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿ ಇದ್ದಂತೆ. ಅದರ ಹಿಂದೆ 12ರ ತೋಟೆ ಹಾಕಿ ಈಡು ಬಿಟ್ಟರೆ ನಳಿಗೆಯೇ ಸಿಡಿಯುತ್ತದೆ. ಅದಕ್ಕೆಂದೇ 20ರ ತೋಟೆಗೆ ಹಳದಿ ಬಣ್ಣ ಕೊಡುತ್ತಾರೆ, ಸಿರಿಂಜಿಗೆ ಕೆಂಪು, ಕಿತ್ತಳೆ ಕೊಟ್ಟ ಹಾಗೆ. ಬಣ್ಣ ಇದ್ದರೆ ಸಾಲದು, ನೋಡುವ ಕಣ್ಣು ಬೇಕೆಂದು ನಾವೀಗ ಕಲಿತಿದ್ದೇವೆ.

ರೈಫಲಿನ ವಿಷಯ ಬೇರೆ. ಚರೆ ಕೆಲವು ನೂರು ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ. .315ರ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ನಮ್ಮ ತೋಟದ ಆಚೆ ಗುಡ್ಡವಿಲ್ಲ, ಮನೆಗಳಿವೆ, ಶಾಲೆಗೆ ಹೋಗುವ ದಾರಿಯಿದೆ. ಕಾನೂನು ಎರಡು ಕೋವಿಗೆ ಅವಕಾಶ ಕೊಡುತ್ತದೆ, ನಿಜ. 2019ರ ತಿದ್ದುಪಡಿಗೆ ಮೊದಲು ಮೂರಕ್ಕಿತ್ತು. ಆದರೆ ಕಾರ್ಬೆಟ್ಟನ ಎರಡನೆಯ ಕೋವಿಗೆ ಅದರದ್ದೇ ಕೆಲಸವಿತ್ತು. ನಮ್ಮ ಅಣ್ಣನಿಗಿರುವ ಕೆಲಸ ಮಂಗ ಓಡಿಸುವುದು. ಅದಕ್ಕೆ ಆಕಾಶಕ್ಕೊಂದು ಈಡು ಸಾಕು, ಗರ್ನಾಲು ಆದರೂ ನಡೆಯುತ್ತದೆ.

ಮದ್ದಿನ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಇಲ್ಲಿ ಬೇಟೆ ನಿಂತ ಅದೇ 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಮೊದಲ ಪಟ್ಟಿ ತಂದಿತು. ಕಪಾಟಿನಲ್ಲಿ ಮದ್ದು ಕಡಿಮೆಯಿರಲಿ, ಇರುವುದರ ಗುಣದೋಷ ಪೂರ್ತಿ ಗೊತ್ತಿರಲಿ ಎಂದು ಅದರಿಂದ ನಾವು ಕಲಿತದ್ದು. ಹಾಗೆಂದು ಒಂದೇ ಮದ್ದು ಎಲ್ಲ ರೋಗಕ್ಕೂ ಅಲ್ಲ. ಎರಡನೆಯದು ಬೇಕಾಗುತ್ತದೆ, ಮೊದಲನೆಯದರಿಂದ ಆಗದ ಕೆಲಸವೊಂದು ಎದುರಿಗಿದ್ದಾಗ.

ಎಲ್ಲ ಕೇಳಿದ ಅಣ್ಣ ಕೋವಿಯ ಬಗ್ಗೆ ಏನೂ ಹೇಳಲಿಲ್ಲ. "ಅಮ್ಮನಿಗೆ ಫೋನು ಕೊಡಿ" ಎಂದ. ಬಹಳ ಹೊತ್ತು ಮಾತಾಡಿದರು.

ಗಲ್ಫಿನಲ್ಲಿರುವ ನಿಮ್ಮ ಮನೆಗೂ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಚೀಲದಲ್ಲಿ ಹಪ್ಪಳ, ಸಂಡಿಗೆಯ ಜೊತೆ ಮದ್ದು, ಸಿರಿಂಜು ತರುತ್ತಾರೆ. ದಯವಿಟ್ಟು ಬಾಟಲಿಯನ್ನೂ ಸಿರಿಂಜನ್ನೂ ಒಟ್ಟಿಗೆ ಹಿಡಿದು ಸಂಖ್ಯೆ ಓದಿ. 40ಕ್ಕೆ 40, 100ಕ್ಕೆ 100. ನಮ್ಮ ಫ್ರಿಜ್ಜಿನಲ್ಲಿ ಈಗ ಕಿತ್ತಳೆ ಮುಚ್ಚಳದ್ದು ಮಾತ್ರ ಇದೆ. ಊರಿನ ಮನೆಯಲ್ಲಿ ಅಜ್ಜನ ಕೋವಿ ಒಂದೇ ಇದೆ.