ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್



ಚಿಕ್ಕೋಡಿಯ ನಮ್ಮ ಮನೆಯ ಲ್ಯಾಪ್‌ಟಾಪಿಗೆ ಹತ್ತು ವರ್ಷ ತುಂಬಿತು. ಅದರ ಹಾರ್ಡ್ ಡಿಸ್ಕ್ ಎಂದರೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ. ಈಚಿನ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಮಾಹಿತಿಯು ಚಿಪ್‌ಗಳಲ್ಲಿ ವಿದ್ಯುದಾವೇಶದ ರೂಪದಲ್ಲಿ ನಿಲ್ಲುತ್ತದೆ. ಅದಕ್ಕೇ ಅದು ವೇಗಶಾಲಿ.

ಹೊಸ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿಸಿರೆಂದು ಹಲವರು ಸೂಚಿಸಿದರು. ಆದರೆ ಹಳೆಯದರಲ್ಲಿ ದಿವಂಗತ ತಾಯಿಯವರ ಬಾಯಿಂದ ಬರೆದುಕೊಂಡ ಬೀಸುವ ಹಾಡುಗಳಿದ್ದವು. ಕೈಬರಹದ ವಹಿ 2019ರ ಕೃಷ್ಣಾ ಮಹಾಪೂರದಲ್ಲಿ ಹಳ್ಳಿಯ ಮನೆಯೊಡನೆ ಹಾಳಾಯಿತು. ಉಳಿದದ್ದು ಹಳೆಯ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಪ್ರತಿ ಮಾತ್ರ. ಯೂನಿಕೋಡ್ ಅಲ್ಲದ ಆ ಕಡತಗಳು ನುಡಿ ಫಾಂಟ್ ಇಲ್ಲದೆಡೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಆದ್ದರಿಂದ ಫಾಂಟುಗಳ ಸಮೇತ ಎಲ್ಲವನ್ನೂ ಇದ್ದಂತೆಯೇ ನಕಲು ಮಾಡಿಸಿದೆನು.

ಅಂಗಡಿಯವರು ನಕಲು ಮಾಡಿ ಜೋಡಿಸಿದರು; ಲ್ಯಾಪ್‌ಟಾಪ್ ಆರಂಭವಾಗಲಿಲ್ಲ. ‘ಹೊಸ ಡಿಸ್ಕೇ ಕೆಟ್ಟಿದೆ’ ಎಂದು ಕೈಚೆಲ್ಲಿದರು. ರಾಯಬಾಗದ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿದೆ. “ಹಳೇ ಡಿಸ್ಕ್ ಅಳಸಬ್ಯಾಡ್ರಿ ಸರ್, ಮೊದಲ ನಾ ಬಂದ ನೋಡ್ತೀನ್ರಿ” ಎಂದನು.

ಆತ ಮಾಡಿದ್ದು ನಾವು ಪ್ರಯೋಗಶಾಲೆಯಲ್ಲಿ ಕಲಿಸುತ್ತಿದ್ದ ಕ್ರಮವನ್ನೇ: ಒಂದೊಂದೇ ಸಂಶಯವನ್ನು ನಿವಾರಿಸುವುದು. ಹಳೆಯ ಡಿಸ್ಕ್ ಹಾಕಿದ, ಯಂತ್ರ ನಡೆಯಿತು. ಅಂದರೆ ಲ್ಯಾಪ್‌ಟಾಪ್ ಸರಿಯಿದೆ. ಹೊಸದನ್ನು ಹಾಕಿದ, ಬಯಾಸ್ ಪಟ್ಟಿಯಲ್ಲಿ ಅದರ ಹೆಸರು ಬಂತು. ಅಂದರೆ ಜೋಡಣೆಯೂ ಸರಿಯಿದೆ. ಬಳಿಕ ಹೊಸದನ್ನು ಯುಎಸ್‌ಬಿ ಕೇಬಲ್‌ನಿಂದ ಹೊರಗೆ ಜೋಡಿಸಿ, ಎರಡರ ವಿಭಾಗಗಳನ್ನು ಹೋಲಿಸಿದ. ಹಳೆಯದರಲ್ಲಿ 100 ಎಂಬಿಯ ಇಎಫ್‌ಐ ಎಂಬ ಪುಟ್ಟ ವಿಭಾಗವಿತ್ತು, ಹೊಸದರಲ್ಲಿ ಅದಿರಲಿಲ್ಲ. ವಿಂಡೋಸನ್ನು ಎಬ್ಬಿಸುವ ಕಡತಗಳು ಇರುವುದು ಅಲ್ಲಿಯೇ. ಅಂಗಡಿಯಲ್ಲಿ ಸಿ ಡ್ರೈವನ್ನಷ್ಟೇ ನಕಲು ಮಾಡಿದ್ದರು. ಇಡೀ ಡಿಸ್ಕನ್ನು ಮತ್ತೆ ನಕಲು ಮಾಡಿ ಜೋಡಿಸಿದಾಗ ಯಂತ್ರ ಎಚ್ಚೆತ್ತಿತು. ಅಮ್ಮನ ಹಾಡುಗಳನ್ನು ತೆರೆದು ಓದಿದೆ, ಒಂದಕ್ಷರವೂ ಕೆಟ್ಟಿರಲಿಲ್ಲ.

ಡಿಸ್ಕ್ ಬದಲಿಸುವವರು ಇಷ್ಟು ನೆನಪಿಡಬೇಕು. ಯಂತ್ರ ಆರಂಭವಾದ ಮಾತ್ರಕ್ಕೆ ಕೆಲಸ ಮುಗಿಯದು. ನಿಮ್ಮ ಕಡತಗಳನ್ನು ತೆರೆದು ನೋಡುವವರೆಗೆ ಹಳೆಯದನ್ನು ಅಳಿಸಬೇಡಿರಿ. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟ ಎಸ್‌ಎಸ್‌ಡಿ ತನ್ನ ಆವೇಶವನ್ನು ಕಳೆದುಕೊಳ್ಳಬಹುದು. ಆದಕಾರಣ ಪ್ರತಿಗಳು ಎರಡಾದರೂ ಇರಲಿ, ಬೇರೆ ಬೇರೆ ಮನೆಗಳಲ್ಲಿರಲಿ. ಹಾಡುಗಳ ಒಂದು ಪ್ರತಿಯನ್ನು ಯೂನಿಕೋಡಿಗೆ ಬದಲಿಸಿ ಅಥಣಿಯ ಮಗಳಿಗೆ ಕಳುಹಿಸಿರುವೆನು. ಬಂಧುಗಳಲ್ಲಿ ಬೇಕಾದವರು ಅವಳಿಂದ ಪಡೆಯಬಹುದು.